ಬಿ.ಆರ್ಕ್ ಐದು ವರ್ಷ: ಸ್ಟುಡಿಯೊ, ಮಾಡೆಲ್, ಜ್ಯೂರಿ ನಿಭಾಯಿಸುವ ಬಗೆ

ಆರ್ಕಿಟೆಕ್ಚರ್ ಓದು ಎಂದರೆ ನಿದ್ದೆಗೆಡುವುದು ಎಂಬ ಮಾತು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ವರ್ಷವರ್ಷವೂ ದಾಟುತ್ತ ಬಂದಿದೆ. ಅದನ್ನು ಹೆಮ್ಮೆಯ ವಿಷಯ ಮಾಡಿಕೊಳ್ಳಬೇಡಿ. ಸಬ್‌ಮಿಷನ್‌ಗೆ ಎರಡು ದಿನ ಇರುವವರೆಗೂ ಪ್ಲ್ಯಾನ್ ಯಾವುದೆಂದು ಗಟ್ಟಿಯಾಗಿರುವುದಿಲ್ಲ; ಆಮೇಲೆ ಶೀಟು, ಮಾಡೆಲ್, ರೆಂಡರ್ (ಕಂಪ್ಯೂಟರಿನಲ್ಲಿ ಮೂಡಿಸಿದ ಕಟ್ಟಡದ ಚಿತ್ರ) ಎಲ್ಲವೂ ಒಟ್ಟಿಗೆ ತಲೆಮೇಲೆ ಬೀಳುತ್ತವೆ. ನಿದ್ದೆ ತಿನ್ನುವುದು ತಡವಾದ ತೀರ್ಮಾನ. ಬೇಗ ತೀರ್ಮಾನಿಸುವುದು, ಅದನ್ನು ಸೆಕ್ಷನ್‌ನಲ್ಲಿ (ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಚಿತ್ರದಲ್ಲಿ) ಪರೀಕ್ಷಿಸುವುದು, ಒಂದು ದಿನ ಗೊತ್ತುಮಾಡಿ ವಿನ್ಯಾಸ ಬದಲಿಸುವುದನ್ನು ನಿಲ್ಲಿಸುವುದು: ಹತ್ತು ಸೆಮಿಸ್ಟರ್‌ಗಳಲ್ಲಿ ಕಲಿಯಬೇಕಾದ ಮುಖ್ಯ ಕಸುಬು ಇದೇ.

ಸೇರುವ ಮೊದಲು

ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇರಬೇಕು, ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆಯಾದ ನಾಟಾ ಬರೆದಿರಬೇಕು. ನಾಟಾ 200 ಅಂಕದ ಪರೀಕ್ಷೆ: 80 ಅಂಕ ಕೈಯಲ್ಲಿ ಬಿಡಿಸುವುದಕ್ಕೆ, 120 ಅಂಕ ಕಂಪ್ಯೂಟರಿನ ಮುಂದೆ. ಕರ್ನಾಟಕದಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ರ‍್ಯಾಂಕ್ ಕೊಡುವಾಗ ಪಿಯುಸಿ ಅಂಕ ಮತ್ತು ನಾಟಾ ಅಂಕಗಳಿಗೆ ಸಮಪಾಲು ಇರುವುದರಿಂದ ಡ್ರಾಯಿಂಗ್ ಚೆನ್ನಾಗಿ ಬರುತ್ತದೆಂದು ಪಿಯುಸಿಯನ್ನು ಕಡೆಗಣಿಸುವ ಹಾಗಿಲ್ಲ.

ಕಾಲೇಜು ಆರಿಸುವಾಗ ಮೊದಲು ನೋಡಬೇಕಾದದ್ದು ಆ ಕಾಲೇಜಿಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಅನುಮೋದನೆ ಈ ವರ್ಷಕ್ಕೂ ಇದೆಯೇ ಎಂಬುದನ್ನು. ಪಟ್ಟಿ ಕೌನ್ಸಿಲ್‌ನ ವೆಬ್‌ಸೈಟಿನಲ್ಲೇ ಇರುತ್ತದೆ. ಮಾನ್ಯತೆಯಿಲ್ಲದ ಪದವಿಯಿಂದ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದೆ 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಹೆಸರಿನ ಜೊತೆ ‘ಆರ್ಕಿಟೆಕ್ಟ್’ ಎಂದು ಹಾಕಿಕೊಳ್ಳುವಂತಿಲ್ಲ. ಆಮೇಲೆ ಒಮ್ಮೆ ಕಾಲೇಜಿಗೇ ಹೋಗಿ ಸ್ಟುಡಿಯೊ ನೋಡಿ. ಪ್ರತಿ ವಿದ್ಯಾರ್ಥಿಗೂ ಸ್ವಂತ ಮೇಜು ಇದೆಯೇ, ಗೋಡೆಯ ಮೇಲೆ ಈ ಸೆಮಿಸ್ಟರ್‌ನ ಕೆಲಸ ಪಿನ್ ಆಗಿದೆಯೇ, ಮಾಡೆಲ್ ಮಾಡಲು ಜಾಗವಿದೆಯೇ? ಬ್ರೋಷರಿನ ಬಣ್ಣದ ಚಿತ್ರಕ್ಕಿಂತ ಆ ಮೇಜುಗಳೇ ಹೆಚ್ಚು ಹೇಳುತ್ತವೆ.

ಮೊದಲ ವರ್ಷದ ಸಾಮಾನು

ಅಂಗಡಿಯವನು ಕೊಟ್ಟ ‘ಫುಲ್ ಕಿಟ್’ ಕಣ್ಣುಮುಚ್ಚಿ ಕೊಳ್ಳಬೇಡಿ. ನಿಜಕ್ಕೂ ಬೇಕಾಗುವುದು: ಎ1 ಅಳತೆಯ ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಒಂದು ಜೊತೆ ಸೆಟ್‌ಸ್ಕ್ವೇರ್ (ಉದ್ದ ಬದಿ ಕನಿಷ್ಠ 250 ಮಿ.ಮೀ.), ತ್ರಿಕೋನ ಸ್ಕೇಲ್, 2ಎಚ್, ಎಚ್‌ಬಿ, 2ಬಿ ಪೆನ್ಸಿಲ್, 0.1, 0.3, 0.5ರ ಡ್ರಾಯಿಂಗ್ ಪೆನ್, 300 ಮಿ.ಮೀ. ಮತ್ತು 600 ಮಿ.ಮೀ. ಸ್ಟೀಲ್ ಸ್ಕೇಲ್, 9 ಮಿ.ಮೀ. ಬ್ಲೇಡಿನ ಕಟರ್, ಎ2 ಕಟಿಂಗ್ ಮ್ಯಾಟ್, ಒಂದು ರೋಲ್ ಬಟರ್ ಪೇಪರ್ (ಕೆಳಗಿನ ಗೆರೆ ಕಾಣುವ ತೆಳು ಕಾಗದ). ದುಬಾರಿ ಮಾರ್ಕರ್ ಸೆಟ್ ಮೊದಲ ಸೆಮಿಸ್ಟರ್‌ಗೆ ಬೇಡವೇ ಬೇಡ. ಲ್ಯಾಪ್‌ಟಾಪನ್ನೂ, ಸಾಧ್ಯವಾದರೆ, ಎರಡನೇ ವರ್ಷಕ್ಕೆ ಮುಂದೂಡಿ. ಆಗ ಕೊಳ್ಳುವುದಾದರೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿ.

ಶೀಟು ಕೊಳಕಾಗುವುದಕ್ಕೆ ಕಾರಣ ಬಹುತೇಕ ಸೆಟ್‌ಸ್ಕ್ವೇರಿನ ಅಡಿ. ಪೆನ್ಸಿಲ್ ಪುಡಿ ಅದಕ್ಕೆ ಅಂಟಿ, ಎಳೆದ ಕಡೆಗೆಲ್ಲ ಬೂದುಬಣ್ಣ ಹರಡುತ್ತದೆ. ಗಂಟೆಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಮೇಲಿಂದ ಕೆಳಕ್ಕೆ ಎಡದಿಂದ ಬಲಕ್ಕೆ ಕೆಲಸ ಮಾಡಿ, ಮುಗಿದ ಭಾಗದ ಮೇಲೆ ಬಟರ್ ಪೇಪರ್ ಹಾಸಿ. ಗೆರೆಯ ದಪ್ಪಕ್ಕೆ ಒಂದೇ ನಿಯಮ ಸಾಕು: ಕತ್ತರಿಸಿದ ಗೋಡೆ, ಸ್ಲ್ಯಾಬ್ 0.5, ಆಚೆ ಕಾಣುವ ಅಂಚು 0.3, ನೆಲಹಾಸು, ಹ್ಯಾಚ್, ಪೀಠೋಪಕರಣ 0.1. ಮೂರನ್ನೂ ಒಂದೇ ದಪ್ಪದಲ್ಲಿ ಎಳೆದರೆ ಪ್ಲ್ಯಾನ್ ಓದಲು ಬರುವುದಿಲ್ಲ, ಒಳಗಿನ ವಿನ್ಯಾಸ ಎಷ್ಟೇ ಚೆನ್ನಾಗಿರಲಿ.

ಸೈಟು ಓದುವುದು

ಸೈಟಿಗೆ ಕನಿಷ್ಠ ಎರಡು ಸಲ ಹೋಗಿ: ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ ಮೂರರ ಮೇಲೆ. ಉತ್ತರ ದಿಕ್ಕು, ಇಳಿಜಾರು, ಮಳೆನೀರು ಹೊರಗೆ ಹೋಗುವ ಜಾಗ, ಮರಗಳ ಸ್ಥಾನ ಮತ್ತು ಹರವು, ಪಕ್ಕದ ಕಟ್ಟಡದ ಕಿಟಕಿಗಳು, ವಿದ್ಯುತ್ ಕಂಬ, ಚರಂಡಿ, ಜನ ಅಡ್ಡಹಾಯುವ ಕಾಲುದಾರಿ — ಇವು ಗುರುತಾಗಿರಬೇಕು. ಗೂಗಲ್ ಮ್ಯಾಪಿನಿಂದ ಎತ್ತಿದ ಚಿತ್ರದಲ್ಲಿ ಇಳಿಜಾರು ಕಾಣುವುದಿಲ್ಲ. ಎರಡು ಮೀಟರ್ ಏರಿಳಿತವಿರುವ ಸೈಟನ್ನು ಸಪಾಟೆಂದು ತಿಳಿದು ವಿನ್ಯಾಸ ಮಾಡಿದರೆ ಅದು ಮೊದಲ ರಿವ್ಯೂನಲ್ಲೇ ಬಿದ್ದುಹೋಗುತ್ತದೆ.

ಸೂರ್ಯನ ಬಗ್ಗೆ ‘ದಕ್ಷಿಣದಿಂದ ಬಿಸಿಲು ಬರುತ್ತದೆ’ ಎಂಬ ಸಾಲು ಬರೆದು ಬಾಣ ಹಾಕಿದರೆ ಸಾಲದು, ಲೆಕ್ಕ ಮಾಡಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣದಲ್ಲಿ ಸುಮಾರು 53.5 ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನ್ 21ಕ್ಕೆ ನೆತ್ತಿ ದಾಟಿ ಉತ್ತರಕ್ಕೆ ವಾಲಿ ಸುಮಾರು 79.5 ಡಿಗ್ರಿ. ಹಾಗಾಗಿ ದಕ್ಷಿಣದ ಕಿಟಕಿಯ ನೇರ ಮೇಲಿರುವ 600 ಮಿ.ಮೀ. ಛಜ್ಜಾ (ಗೋಡೆಯಿಂದ ಹೊರಚಾಚಿದ ಚಪ್ಪಡಿ) ಡಿಸೆಂಬರಿನ ನಡುಹಗಲಲ್ಲೂ ಸುಮಾರು 810 ಮಿ.ಮೀ. ನೆರಳು ಕೊಡುತ್ತದೆ, 1,200 ಮಿ.ಮೀ. ಎತ್ತರದ ಕಿಟಕಿ ಪೂರ್ತಿ ಮುಚ್ಚಬೇಕಾದರೆ ಸುಮಾರು 890 ಮಿ.ಮೀ. ಬೇಕು. ಅದೇ 600ರ ಛಜ್ಜಾವನ್ನು ಪಶ್ಚಿಮದ ಕಿಟಕಿಗೆ ಹಾಕಿ ನೋಡಿ. ಮಾರ್ಚ್ 21ರ ಸಂಜೆ ನಾಲ್ಕೂವರೆ ಹೊತ್ತಿಗೆ ಸೂರ್ಯ 29 ಡಿಗ್ರಿಗೆ ಇಳಿದಿರುತ್ತಾನೆ, ನೆರಳು ಸಿಗುವುದು ಸುಮಾರು 340 ಮಿ.ಮೀ. ಮಾತ್ರ. ಕಿಟಕಿಯ ಮುಕ್ಕಾಲು ಪಾಲು ಬಿಸಿಲಿಗೇ ಬಿಟ್ಟ ಹಾಗೆ. ಆ ಕಡೆ ಬೇಕಾಗುವುದು ಲಂಬವಾದ ತಡೆ, ಜಾಲಿ, ವೆರಾಂಡಾ ಅಥವಾ ಮರ. ಅಥವಾ ಮೆಟ್ಟಿಲು, ಶೌಚಾಲಯ, ಉಗ್ರಾಣಗಳನ್ನೇ ಪಶ್ಚಿಮಕ್ಕೆ ಸರಿಸಬೇಕು. ಈ ಒಂದು ಲೆಕ್ಕ ಶೀಟಿನ ಮೂಲೆಯಲ್ಲಿದ್ದರೆ ಜ್ಯೂರಿಯ (ಕೊನೆಗೆ ಕೆಲಸ ನೋಡಿ ಅಂಕ ಕೊಡುವವರ) ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ.

ಕಾನ್ಸೆಪ್ಟ್ ಎಲ್ಲಿಂದ

ಕಮಲದ ಆಕಾರದ ಪ್ಲ್ಯಾನ್, ಚಿಟ್ಟೆಯ ಆಕಾರದ ಶಾಲೆ, ಶಂಖದ ಆಕಾರದ ಮ್ಯೂಸಿಯಂ: ಇವುಗಳ ಕಷ್ಟ ಗೊತ್ತಾಗುವುದು ಆರನೇ ವಾರದಲ್ಲಿ. ದಳದ ತುದಿಯ 30 ಡಿಗ್ರಿ ಮೂಲೆಯಲ್ಲಿ ಬೆಂಚು ಕೂರುವುದಿಲ್ಲ, ಬಾಗಿದ ಗೋಡೆಗೆ ಬೀರು ಒರಗುವುದಿಲ್ಲ, ಕಂಬಗಳು ಸಾಲಿಗೆ ಬರುವುದಿಲ್ಲ. ಆ ಹೊತ್ತಿಗೆ ಬಿಡಲೂ ಮನಸ್ಸು ಬಾರದು. ಅದರ ಬದಲು ಒಂದು ಇಕ್ಕಟ್ಟಿನಿಂದ ಶುರುಮಾಡಿ. ‘ಮೂರು ಕಡೆ ಗೋಡೆ ಇರುವ ಈ ಸೈಟಿನಲ್ಲಿ ನಡುಕೋಣೆಗೆ ಗಾಳಿ ಹೇಗೆ?’ ಎಂಬ ಪ್ರಶ್ನೆಗೆ ತೊಟ್ಟಿಯೇ (ನಡುವಿನ ತೆರೆದ ಅಂಗಳವೇ) ಉತ್ತರವಾಗಬಹುದು. ಹಾಗೆ ಬಂದ ತೊಟ್ಟಿಯನ್ನು ಯಾರೂ ಕಿತ್ತುಹಾಕಲಾರರು, ಏಕೆಂದರೆ ಅದಕ್ಕೆ ಕೆಲಸವಿದೆ.

ಕೇಸ್ ಸ್ಟಡಿಗೆ ಅಂತರ್ಜಾಲದ ಫೋಟೊಗಳ ಮೇಲೆ ನಿಲ್ಲದೆ ಕಾಲಿಟ್ಟು ನೋಡಬಹುದಾದ ಕಟ್ಟಡಗಳನ್ನು ಹಿಡಿಯಿರಿ. ಆರ್ಕಿಟೆಕ್ಟ್ ಬಿ.ವಿ. ದೋಶಿ ವಿನ್ಯಾಸದ ಬೆಂಗಳೂರಿನ ಐಐಎಂ ಆವರಣಕ್ಕೆ ಅನುಮತಿ ಪಡೆದು ಹೋಗಬಹುದಾದರೆ, ಕಾರಿಡಾರಿನ ಅಗಲ ಮತ್ತು ಎತ್ತರ ಅಳೆದು, ಪರ್ಗೋಲಾ (ತೆರೆದ ತೊಲೆಗಳ ಚಪ್ಪರ) ಕೆಳಗಿನ ಬೆಳಕು ಗಂಟೆಗಂಟೆಗೆ ಹೇಗೆ ಸರಿಯುತ್ತದೆಂದು ಬರೆದುಕೊಳ್ಳಿ. ವಿಜಯಪುರದ ಗೋಲಗುಮ್ಮಟದಲ್ಲಿ ಚೌಕಾಕಾರದ ಕೋಣೆಯ ಮೇಲೆ ಒಳವ್ಯಾಸ ಸುಮಾರು 38 ಮೀಟರ್ ಇರುವ ದುಂಡು ಗುಮ್ಮಟ ಕೂತಿದೆ. ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಚೌಕವನ್ನು ವೃತ್ತಕ್ಕೆ ಒಯ್ಯುವ ರೀತಿಯನ್ನು ಅಲ್ಲೇ ನಿಂತು ಪೆನ್ಸಿಲಿನಲ್ಲಿ ಬಿಡಿಸಿದರೆ ಒಂದು ಸೆಮಿಸ್ಟರ್‌ನ ಸ್ಟ್ರಕ್ಚರ್ ಪಾಠ ಕೈಗೆ ಹತ್ತುತ್ತದೆ.

ಸೆಕ್ಷನ್ ಮೊದಲು, ಮೆಟ್ಟಿಲು ಇನ್ನೂ ಮೊದಲು

ಪ್ಲ್ಯಾನ್ ಮುಗಿಸಿ ಕೊನೆಗೆ ಸೆಕ್ಷನ್ ‘ಎಳೆಯುವುದು’ ಎಲ್ಲ ಕಾಲೇಜುಗಳಲ್ಲೂ ಕಾಣುವ ತಪ್ಪು. ಮೊದಲು ಸಿಕ್ಕಿಬೀಳುವುದು ಮೆಟ್ಟಿಲು. 3 ಮೀಟರ್ ಅಂತಸ್ತಿಗೆ ತಲಾ 150 ಮಿ.ಮೀ.ನ 20 ರೈಸರ್ (ಒಂದೊಂದು ಮೆಟ್ಟಿಲಿನ ಏರು) ಬೇಕು. ಎರಡು ಓಟದ (ನಡುವೆ ತಿರುಗಿ ಹತ್ತುವ) ಮೆಟ್ಟಿಲಾದರೆ ಓಟಕ್ಕೆ 10 ರೈಸರ್, 9 ಟ್ರೆಡ್ (ಕಾಲಿಡುವ ಭಾಗ). 300 ಮಿ.ಮೀ. ಟ್ರೆಡ್ ಇಟ್ಟರೆ ಓಟದ ಉದ್ದ 2.7 ಮೀಟರ್. ಎರಡೂ ತುದಿಗೆ 1.2 ಮೀಟರ್ ಲ್ಯಾಂಡಿಂಗ್ ಸೇರಿ ಒಟ್ಟು 5.1 ಮೀಟರ್, ಅಗಲ ಸುಮಾರು 2.5 ಮೀಟರ್. ಬಹಳ ಮಂದಿ ಪ್ಲ್ಯಾನಿನಲ್ಲಿ 4.2 ಮೀಟರಿನ ಪೆಟ್ಟಿಗೆ ಬಿಟ್ಟು ‘ಮೆಟ್ಟಿಲು’ ಎಂದು ಬರೆದಿರುತ್ತಾರೆ. ಅದರಲ್ಲಿ ಲ್ಯಾಂಡಿಂಗ್‌ಗಳು 2.4 ತಿಂದರೆ ಓಟಕ್ಕೆ ಉಳಿಯುವುದು 1.8, ಅಂದರೆ 6 ಟ್ರೆಡ್, 7 ರೈಸರ್. ಎರಡು ಓಟ ಹತ್ತಿದರೂ ತಲುಪುವುದು 2.1 ಮೀಟರ್. ಮೇಲಿನ ಅಂತಸ್ತು ಇನ್ನೂ 900 ಮಿ.ಮೀ. ಮೇಲಿದೆ! ಇದು 12ನೇ ವಾರದಲ್ಲಿ ಗೊತ್ತಾದರೆ ಪಕ್ಕದ ಕೋಣೆ, ಕಾರಿಡಾರ್, ಕಂಬ ಎಲ್ಲವೂ ಜರುಗಬೇಕು.

ಇದರ ಜೊತೆಗೇ ನೋಡಬೇಕಾದ ಇನ್ನು ಕೆಲವು: ರ‍್ಯಾಂಪಿಗೆ 1:12 ಇಳಿಜಾರು, ಅಂದರೆ 450 ಮಿ.ಮೀ. ಎತ್ತರದ ಪ್ಲಿಂತಿಗೆ (ನೆಲಗಟ್ಟಿಗೆ) 5.4 ಮೀಟರ್ ಉದ್ದ. ಗಾಲಿಕುರ್ಚಿ ತಿರುಗಲು 1.5 ಮೀಟರ್ ವೃತ್ತ, ಕಾರಿಗೆ 2.5 × 5 ಮೀಟರ್. ಮೇಲಿನ ಶೌಚಾಲಯ ಕೆಳಗಿನ ಶೌಚಾಲಯದ ಮೇಲೇ ಬರಲಿ. ಊಟದ ಕೋಣೆಯ ಮೇಲೆ ಬಂದರೆ ಪೈಪ್ ಎಲ್ಲಿಂದ ಇಳಿಯುತ್ತದೆ ಎಂದು ಜ್ಯೂರಿ ಕೇಳುತ್ತಾರೆ, ಕೇಳಲೇಬೇಕು. ಪ್ರತಿ ಅಂತಸ್ತಿನ ಪ್ಲ್ಯಾನನ್ನು ಬಟರ್ ಪೇಪರಿನಲ್ಲಿ ಒಂದರ ಮೇಲೊಂದು ಇಟ್ಟು ಕಂಬ, ಮೆಟ್ಟಿಲು, ಡಕ್ಟ್ (ಪೈಪುಗಳು ಇಳಿಯುವ ಜಾಗ) ಮೂರೂ ಕೂಡುತ್ತವೆಯೇ ನೋಡಲು ಐದು ನಿಮಿಷ ಸಾಕು.

ಹದಿನಾಲ್ಕು ವಾರದ ಲೆಕ್ಕ

ಒಂದು ಸೆಮಿಸ್ಟರ್‌ನ ಡಿಸೈನ್ ಪ್ರಾಜೆಕ್ಟಿಗೆ ಸುಮಾರು 14 ವಾರ ಸಿಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಮೂರು ವಾರ ಸೈಟು, ಕೇಸ್ ಸ್ಟಡಿ ಮತ್ತು ಯಾವ ಜಾಗಕ್ಕೆ ಎಷ್ಟು ಚದರ ಮೀಟರ್ ಎಂಬ ಪಟ್ಟಿ. ನಾಲ್ಕರಿಂದ ಆರನೇ ವಾರಕ್ಕೆ ಮೂರು ಬೇರೆಬೇರೆ ಆಯ್ಕೆಗಳು, ಪ್ರತಿಯೊಂದಕ್ಕೂ 1:200ರ ಪ್ಲ್ಯಾನ್, ಒಂದು ಸೆಕ್ಷನ್, ಥರ್ಮೊಕೋಲ್ ಅಥವಾ ರಟ್ಟಿನ ಒರಟು ಮಾಡೆಲ್. ಏಳನೇ ವಾರ ಒಂದನ್ನು ಆರಿಸಿ ಉಳಿದೆರಡನ್ನು ಎತ್ತಿಡಿ. ಎಂಟರಿಂದ ಹತ್ತು, 1:100ರಲ್ಲಿ ಬೆಳೆಸುವುದು. ಹನ್ನೊಂದನೇ ವಾರದ ಶುಕ್ರವಾರ ವಿನ್ಯಾಸ ಬಂದ್. ಅಲ್ಲಿಂದಾಚೆ ಹೊಳೆದ ಒಳ್ಳೆಯ ಯೋಚನೆಗಳನ್ನು ಪುಸ್ತಕದಲ್ಲಿ ಬರೆದಿಡಿ, ಶೀಟಿಗೆ ತರಬೇಡಿ. ಉಳಿದ ಮೂರು ವಾರ ಡ್ರಾಯಿಂಗ್, ಮಾಡೆಲ್, ಪ್ರಿಂಟ್.

ಈ ‘ಬಂದ್’ ಪಾಲಿಸುವುದೇ ಕಷ್ಟ. ಒಬ್ಬ ಗೈಡ್ ಬಂದು ಪ್ರವೇಶದ್ವಾರವನ್ನು ಇನ್ನೊಂದು ಕಡೆಗೆ ಹಾಕಿ ನೋಡು ಎಂದಾಗ ಮನಸ್ಸು ಅಲುಗುತ್ತದೆ. ಬದಲಾವಣೆ ಒಂದು ದಿನದಲ್ಲಿ ಮುಗಿಯುವಂತಿದ್ದರೆ ಮಾಡಿ. ಮೀರಿದರೆ, 1:200ರ ಒಂದು ಸ್ಕೆಚ್ ಬಿಡಿಸಿ ‘ಸರ್, ಹೀಗೂ ಆಗಬಹುದು, ಆದರೆ ಮೆಟ್ಟಿಲಿಗೆ ಜಾಗ ತಪ್ಪುತ್ತದೆ’ ಎಂದು ತೋರಿಸಿ. ಇಬ್ಬರು ಗೈಡ್‌ಗಳು ತದ್ವಿರುದ್ಧ ಹೇಳಿದಾಗಲೂ ಇದೇ ದಾರಿ: ಎರಡನ್ನೂ ಚಿಕ್ಕದಾಗಿ ಬಿಡಿಸಿ ಪಕ್ಕಪಕ್ಕ ಇಡಿ. ಬಾಯಿಮಾತಿನ ವಾದಕ್ಕೆ ಕೊನೆಯಿಲ್ಲ, ಬಿಡಿಸಿದ್ದನ್ನು ನೋಡಿದರೆ ಅವರೇ ತೀರ್ಮಾನಿಸುತ್ತಾರೆ. ಮೇಜಿನ ಬಳಿ ಬಂದವರನ್ನು ‘ಹೇಗಿದೆ, ಮೇಡಂ?’ ಎಂದು ಕೇಳಬೇಡಿ. ‘ಈ ಎರಡು ಪ್ರವೇಶಗಳಲ್ಲಿ ಅಡುಗೆಮನೆಗೆ ಯಾವುದು ಹತ್ತಿರವಾಗುತ್ತದೆ?’ ಎಂದು ಕೇಳಿ. ಪ್ರತಿ ಬಟರ್ ಪೇಪರಿಗೂ ತಾರೀಕು ಹಾಕಿ ಜೋಪಾನ ಮಾಡಿ. ನಾಲ್ಕನೇ ವಾರದ ಸ್ಕೆಚ್ ಹತ್ತನೇ ವಾರಕ್ಕೆ ಉಪಯೋಗಕ್ಕೆ ಬರುವುದುಂಟು.

ಮಾಡೆಲ್

1:100ರಲ್ಲಿ 2 ಮಿ.ಮೀ. ಮೌಂಟ್ ಬೋರ್ಡ್ 200 ಮಿ.ಮೀ. ಗೋಡೆಗೆ ಸರಿಹೊಂದುತ್ತದೆ. ಹೊರಅಳತೆ 12 × 9 ಮೀಟರಿನ ಮನೆ 120 × 90 ಮಿ.ಮೀ. ಆಗುತ್ತದೆ. ನಾಲ್ಕೂ ಗೋಡೆಗಳನ್ನು 120, 90, 120, 90 ಎಂದು ಕತ್ತರಿಸಿ ಅಂಟಿಸಿದರೆ ಬೋರ್ಡಿನ ದಪ್ಪ ಎರಡೂ ಕಡೆ ಸೇರಿ 90 ಇದ್ದದ್ದು 94 ಆಗಿ, ಚಾವಣಿ ಕೂರುವುದಿಲ್ಲ. ಉದ್ದದ ಎರಡು ತುಂಡು 120, ಅವುಗಳ ನಡುವೆ ಕೂರುವ ಅಡ್ಡ ತುಂಡು 86 — ಹೀಗೆ ಕತ್ತರಿಸಿ. ಎತ್ತರಕ್ಕೂ ಅಷ್ಟೇ: 3 ಮೀಟರ್ ಅಂತಸ್ತು 30 ಮಿ.ಮೀ., ಅದರಲ್ಲಿ ಸ್ಲ್ಯಾಬಿನ ಬೋರ್ಡ್ 2 ಕಳೆದು ಗೋಡೆ 28.

ಕತ್ತರಿಸುವಾಗ ಒಂದೇ ಏಟಿಗೆ ಒತ್ತಬೇಡಿ. ಮೊದಲ ಗೀರು ಹಗುರ, ಸ್ಕೇಲ್ ಅಲುಗಿಸದೆ ಇನ್ನು ಮೂರ್ನಾಲ್ಕು ಗೀರು. ಒತ್ತಿದರೆ ಬ್ಲೇಡ್ ವಾಲಿ ಅಂಚು ಓರೆಯಾಗುತ್ತದೆ, ಮೂಲೆಯಲ್ಲಿ ಸಂದಿ ಬೀಳುತ್ತದೆ. ಬ್ಲೇಡ್ ಮೊಂಡಾದ ಕೂಡಲೇ ತುದಿ ಮುರಿದು ಹೊಸ ಅಂಚು ತೆಗೆಯಿರಿ. ಬೆರಳು ಕುಯ್ದುಕೊಳ್ಳುವುದು ಹೆಚ್ಚಾಗಿ ಮೊಂಡು ಬ್ಲೇಡಿನಿಂದ, ನಸುಕಿನ ಮೂರು ಗಂಟೆಗೆ. ಕಿಟಕಿಗಳನ್ನು ಗೋಡೆ ಅಂಟಿಸುವ ಮೊದಲೇ ಕತ್ತರಿಸಿ ತೆಗೆದಿರಬೇಕು.

ಅಂಟಿನ ಆಯ್ಕೆ ತಪ್ಪಿದರೆ ಮಾಡೆಲ್ ಕೆಡುತ್ತದೆ. ಫೆವಿಕಾಲ್ ನೀರಿನ ಅಂಟು. ತೆಳು ಬೋರ್ಡಿಗೆ ಪೂರ್ತಿ ಬಳಿದರೆ ಒಂದು ಬದಿ ನೆನೆದು ಬೋರ್ಡ್ ಡೊಂಕಾಗುತ್ತದೆ. ಅಂಚಿಗೆ ಮಾತ್ರ, ಬೆಂಕಿಕಡ್ಡಿಯ ತುದಿಯಿಂದ ಹಚ್ಚಿ. ದ್ರಾವಕದ ಅಂಟು, ಫೆವಿಕ್ವಿಕ್‌ಗಳು ಥರ್ಮೊಕೋಲನ್ನು ಕರಗಿಸುತ್ತವೆ. ಸ್ಪ್ರೇ ಪೇಂಟ್ ಕೂಡ ಹಾಗೆಯೇ. ಹೊಸ ಸಾಮಾನನ್ನು ಚೂರೊಂದರ ಮೇಲೆ ಪರೀಕ್ಷಿಸದೆ ಮಾಡೆಲ್‌ಗೆ ಹಾಕಬೇಡಿ. ಸೈಟಿನ ಬೇಸ್ ಬಸ್ಸಿನಲ್ಲಿ ಒಯ್ಯುವಷ್ಟೇ ದೊಡ್ಡದಿರಲಿ. 600 × 600 ಮಿ.ಮೀ. ದಾಟಿದರೆ ಎರಡು ಭಾಗ ಮಾಡಿ.

ಕ್ಯಾಡ್ ಮತ್ತು ಪ್ರಿಂಟ್

ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆದ ಆಟೊಕ್ಯಾಡ್‌ನಲ್ಲಿ ಯಾವಾಗಲೂ ನಿಜಅಳತೆಯಲ್ಲೇ, ಮಿಲಿಮೀಟರಿನಲ್ಲಿ ಬಿಡಿಸಿ; ಸ್ಕೇಲ್ ಬರುವುದು ಲೇಔಟಿನಲ್ಲಿ (ಪ್ರಿಂಟಿಗೆ ಶೀಟು ಜೋಡಿಸುವ ಪುಟದಲ್ಲಿ). ಗೆಳೆಯನ ಫೈಲಿನಿಂದ ತಂದ ಮರ ಸಾವಿರ ಪಟ್ಟು ದೊಡ್ಡದಾಗಿಯೋ ಚಿಕ್ಕದಾಗಿಯೋ ಬಿದ್ದರೆ ಎರಡು ಫೈಲುಗಳ ಯೂನಿಟ್ ಹೊಂದುತ್ತಿಲ್ಲ ಎಂದರ್ಥ. ಆಟೊಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಕೊಡುತ್ತದೆ, 3ಡಿ ಚಿತ್ರದ ಬ್ಲೆಂಡರ್ ಮತ್ತು ಭೂಪಟದ ಕ್ಯೂಜಿಐಎಸ್ ಎಲ್ಲರಿಗೂ ಉಚಿತ. ಕ್ರ್ಯಾಕ್ ಮಾಡಿದ ಪ್ರತಿ ಹಾಕಿ ವೈರಸ್ ತಂದುಕೊಳ್ಳುವ ಅಗತ್ಯವಿಲ್ಲ. ಫೈಲಿಗೆ ‘ಫೈನಲ್’, ‘ಫೈನಲ್ ಫೈನಲ್’ ಎಂಬ ಹೆಸರು ಬೇಡ, ತಾರೀಕು ಹಾಕಿ. ಲ್ಯಾಪ್‌ಟಾಪ್, ಪೆನ್‌ಡ್ರೈವ್, ಗೂಗಲ್ ಡ್ರೈವ್ ಮೂರು ಕಡೆ ಪ್ರತಿ ಇರಲಿ.

ಪ್ರಿಂಟ್ ಅಂಗಡಿಗೆ ಕ್ಯಾಡ್ ಫೈಲ್ ಒಯ್ಯಬೇಡಿ, ಪಿಡಿಎಫ್ ಒಯ್ಯಿರಿ. ಅಲ್ಲಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ, ಅಕ್ಷರ ಜರುಗುತ್ತದೆ. ಹಳದಿ ಲೇಯರಿನ ಗೆರೆಗಳು ಕಾಗದದ ಮೇಲೆ ಕಾಣದಂತಾಗುವುದು ಪ್ಲಾಟ್ ಸ್ಟೈಲ್ ಮೊನೊಕ್ರೋಮ್ (ಎಲ್ಲ ಬಣ್ಣವನ್ನೂ ಕಪ್ಪಾಗಿ ಮುದ್ರಿಸುವ ಆಯ್ಕೆ) ಮಾಡದಿದ್ದಾಗ. ಎ1 ಶೀಟಿನ ಅಗಲ 594 ಮಿ.ಮೀ., 24 ಇಂಚಿನ ರೋಲ್ 610 ಮಿ.ಮೀ.; ಸರಿಯಾಗಿ ಕೂರುತ್ತದೆ, ಆದರೂ ಸುತ್ತ 10 ಮಿ.ಮೀ. ಖಾಲಿ ಬಿಡಿ. ಎಲ್ಲಕ್ಕಿಂತ ಮೊದಲು, ಶೀಟಿನ ಒಂದು ಮೂಲೆಯನ್ನು ನಿಜಅಳತೆಯಲ್ಲೇ ಎ4 ಕಾಗದದ ಮೇಲೆ ತೆಗೆದು ಅಕ್ಷರ ಓದಲು ಬರುತ್ತದೆಯೇ ನೋಡಿ. ಪರದೆಯ ಮೇಲೆ ದೊಡ್ಡದಾಗಿ ಕಂಡ ಅಕ್ಷರ ಕಾಗದದಲ್ಲಿ ಇರುವೆಯಷ್ಟಾಗಿರುತ್ತದೆ. ಸಬ್‌ಮಿಷನ್ ಹಿಂದಿನ ಸಂಜೆ ಅಂಗಡಿಯಲ್ಲಿ ನಿಮ್ಮ ಇಡೀ ಕ್ಲಾಸ್ ನಿಂತಿರುತ್ತದೆ. ಎರಡು ದಿನ ಮೊದಲು ಹೋಗಿ.

ಜ್ಯೂರಿ

ಶೀಟುಗಳನ್ನು ಎಡದಿಂದ ಬಲಕ್ಕೆ ಸೈಟು, ಪ್ಲ್ಯಾನ್, ಸೆಕ್ಷನ್, ವಿವರ ಎಂಬ ಕ್ರಮದಲ್ಲಿ ಕಣ್ಣಿನ ಎತ್ತರಕ್ಕೆ ಪಿನ್ ಮಾಡಿ. ಎಲ್ಲ ಪ್ಲ್ಯಾನ್‌ಗಳ ಉತ್ತರ ಒಂದೇ ಕಡೆಗಿರಲಿ. ಐದು ನಿಮಿಷ ಮಾತು ಸಾಕು: ಸೈಟಿನ ಇಕ್ಕಟ್ಟು ಏನು, ಅದಕ್ಕೆ ಏನು ಮಾಡಿದಿರಿ, ಒಳಗೆ ಬಂದವನು ಹೇಗೆ ನಡೆಯುತ್ತಾನೆ, ಗಾಳಿ ಬೆಳಕು ಹೇಗೆ ಬರುತ್ತದೆ, ಯಾವುದರಲ್ಲಿ ಕಟ್ಟುತ್ತೀರಿ. ಶೀಟಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ತುಂಬಿಸಲು ಹೋಗಬೇಡಿ, ತಲೆಯಲ್ಲಿರುವುದಕ್ಕೆ ಅಂಕವಿಲ್ಲ. ಟೀಕೆ ಬಂದಾಗ ಸಮರ್ಥನೆಗೆ ಇಳಿಯುವ ಮೊದಲು ಸ್ನೇಹಿತರೊಬ್ಬರಿಂದ ಎಲ್ಲವನ್ನೂ ಬರೆಸಿಕೊಳ್ಳಿ. ಎದುರು ನಿಂತವರ ಕಿವಿಗೆ ಅರ್ಧ ಬೀಳುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಜ್ಯೂರಿಯ ಇಂಗ್ಲಿಷಿಗೆ ಹೆದರುವುದು ಸಹಜ. ಮೇಲಿನ ಐದು ವಿಷಯಗಳಿಗೆ ಐದು ಚಿಕ್ಕ ವಾಕ್ಯ ಬರೆದುಕೊಂಡು, ಶೀಟಿನ ಮೇಲೆ ಬೆರಳಿಟ್ಟು ಹೇಳುವುದನ್ನು ಮೂರ್ನಾಲ್ಕು ಸಲ ರೂಢಿಮಾಡಿ. ಮಾತು ತಡವರಿಸಿದರೂ ಡ್ರಾಯಿಂಗ್ ಸ್ಪಷ್ಟವಿದ್ದರೆ ಜ್ಯೂರಿ ಅದನ್ನೇ ಓದುತ್ತಾರೆ. ಸೈಟಿನಲ್ಲಿ ಮಾತ್ರ ನಿಮ್ಮ ಭಾಷೆಯೇ ಬಲ: ಗಾರೆ ಮೇಸ್ತ್ರಿ, ಬಾರ್ ಬೆಂಡರ್, ಬಡಗಿ ಇವರ ಪಕ್ಕ ನಿಂತು ‘ಯಾಕೆ ಹೀಗೆ ಮಾಡ್ತೀರಿ?’ ಎಂದು ಕೇಳಿ ಕಲಿತದ್ದು ಯಾವ ಸ್ಲೈಡಿನಲ್ಲೂ ಸಿಗುವುದಿಲ್ಲ.

ಹಳೆಯ ಮನೆಯ ಅಳತೆ

ತೊಟ್ಟಿಮನೆಯೋ ಗುತ್ತಿನ ಮನೆಯೋ ಅಳೆಯುವ ತಂಡದಲ್ಲಿ ಮೂವರಿರಲಿ: ಇಬ್ಬರು ಟೇಪಿಗೆ, ಒಬ್ಬರು ಬರೆಯಲು. 30 ಮೀಟರ್ ಟೇಪ್, 5 ಮೀಟರ್ ಟೇಪ್, ತೂಗುಗುಂಡು, ಲೆವೆಲ್ ಟ್ಯೂಬ್ ಬೇಕು. ಬಾಗಿಲು, ಕಿಟಕಿ, ಕಂಬಗಳನ್ನು ಒಂದೊಂದಾಗಿ ಅಳೆದು ಕೂಡಬೇಡಿ. ಟೇಪನ್ನು ಗೋಡೆಯ ಒಂದು ತುದಿಗೆ ಹಿಡಿದು ಎಲ್ಲ ಗುರುತುಗಳನ್ನೂ ಅಲ್ಲಿಂದಲೇ ಓದಿ, ಇಲ್ಲವಾದರೆ ಚಿಕ್ಕ ತಪ್ಪುಗಳು ಕೂಡಿ 100 ಮಿ.ಮೀ. ಆಗುತ್ತವೆ. ಪ್ರತಿ ಕೋಣೆಗೂ ಎರಡು ಕರ್ಣ ಕಡ್ಡಾಯ. 4.20 × 3.60 ಮೀಟರಿನ ಕೋಣೆ ನಿಜಕ್ಕೂ ಲಂಬಕೋನದ್ದಾದರೆ ಕರ್ಣ 5.53 ಬರಬೇಕು. ಹಳೆಯ ಮನೆಗಳಲ್ಲಿ ಬರುವುದಿಲ್ಲ, ಅಲ್ಲಿಯೇ ಗೊತ್ತಾದರೆ ಕಾಲೇಜಿಗೆ ಹಿಂದಿರುಗಿದ ಮೇಲೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಟ್ರೈನಿಂಗ್, ಪೋರ್ಟ್‌ಫೋಲಿಯೊ, ನೋಂದಣಿ

ಕೊನೆಯ ವರ್ಷಗಳಲ್ಲಿ ಒಂದು ಸೆಮಿಸ್ಟರ್ ಕಚೇರಿಯಲ್ಲಿ ಕೆಲಸ ಕಲಿಯುವುದಕ್ಕೆ. ಶುರುವಾಗುವ ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿ. ಪೋರ್ಟ್‌ಫೋಲಿಯೊ 20–25 ಪುಟ, 10 ಎಂಬಿ ಒಳಗೆ, ನಾಲ್ಕೈದು ಕೆಲಸ ಸಾಕು. ರೆಂಡರ್‌ಗಳಷ್ಟೇ ಇರುವುದು ಬೇಡ: 1:20ರ ಒಂದು ಗೋಡೆ ಸೆಕ್ಷನ್, ಕೈಯಲ್ಲಿ ಬಿಡಿಸಿದ ಒಂದು ಪುಟ, ಒಂದು ಮಾಡೆಲಿನ ಫೋಟೊ ಇರಲಿ. ಗುಂಪಿನ ಕೆಲಸವಾದರೆ ಅದರಲ್ಲಿ ನಿಮ್ಮ ಪಾಲು ಯಾವುದೆಂದು ಬರೆಯಿರಿ. ಸೇರುವ ಮುನ್ನ ಸ್ಟೈಪೆಂಡ್, ಕೆಲಸದ ಸಮಯ, ವಾರಕ್ಕೆ ಎಷ್ಟು ಸಲ ಸೈಟಿಗೆ ಕಳಿಸುತ್ತಾರೆ ಎಂಬ ಮೂರನ್ನೂ ಮೇಲ್‌ನಲ್ಲಿ ಕೇಳಿ ಪಡೆಯಿರಿ. ಟಾಯ್ಲೆಟ್ ಡೀಟೇಲ್, ಬಾಗಿಲು–ಕಿಟಕಿ ಪಟ್ಟಿ ಮಾಡಿಸಿದರೆ ಬೇಸರಿಸಬೇಡಿ, ಕಟ್ಟಡ ಕೂಡಿಬರುವುದು ಅಲ್ಲಿಯೇ. ಲಾಗ್ ಪುಸ್ತಕವನ್ನು ಆಯಾ ವಾರವೇ ತುಂಬಿ ಸಹಿ ಹಾಕಿಸಿಕೊಳ್ಳಿ; ಕೊನೆಯಲ್ಲಿ ಕೇಳಿದರೆ ಸಹಿ ಹಾಕುವವರು ಸೈಟಿನಲ್ಲೋ ಪರಊರಿನಲ್ಲೋ ಇರುತ್ತಾರೆ.

ಥೀಸಿಸ್‌ಗೆ ಆರಿಸುವ ಸೈಟು ಒಂದು ರಾತ್ರಿಯ ಬಸ್ಸಿನಲ್ಲಿ ತಲುಪುವಂತಿರಲಿ, ನಾಲ್ಕೈದು ಸಲ ಹೋಗಬೇಕಾಗುತ್ತದೆ. ವಿಮಾನ ನಿಲ್ದಾಣಕ್ಕಿಂತ ತಾಲ್ಲೂಕು ಆಸ್ಪತ್ರೆ, ಎಪಿಎಂಸಿ ಯಾರ್ಡ್, ಹಾಸ್ಟೆಲ್ ಇಂಥವು ಮೇಲು: ಬಳಸುವವರನ್ನು ಮಾತಾಡಿಸಬಹುದು, 1:20ರ ವಿವರದವರೆಗೆ ಇಳಿಯಲು ಸಮಯ ಉಳಿಯುತ್ತದೆ. ಪದವಿ ಕೈಗೆ ಬಂದೊಡನೆ ಪ್ರಮಾಣಪತ್ರ, ಅಂಕಪಟ್ಟಿ, ಗುರುತಿನ ದಾಖಲೆ ಸ್ಕ್ಯಾನ್ ಮಾಡಿ ಕೌನ್ಸಿಲ್‌ನ ನೋಂದಣಿಗೆ ಆನ್‌ಲೈನ್ ಅರ್ಜಿ ಹಾಕಿ. ಹತ್ತನೇ ತರಗತಿಯ ಅಂಕಪಟ್ಟಿ ಮತ್ತು ಪದವಿಪತ್ರದಲ್ಲಿ ಹೆಸರಿನ ಇನಿಷಿಯಲ್ ಬೇರೆಬೇರೆ ಇದ್ದರೆ ಅದನ್ನು ವಿಶ್ವವಿದ್ಯಾಲಯದಲ್ಲಿ ಮೊದಲೇ ಸರಿಪಡಿಸಿಕೊಳ್ಳಿ.